ಕೊಡೆ ಸಾಹೇಬರ ಕೈಗೆ ಸಿಕ್ಕ ಮೂಳೆಗಳು

ಠಾಣೆಯ ಹಿಂಭಾಗದಲ್ಲಿ, ಲಾಕಪ್ಪಿಗೂ ಸೈಕಲ್ ನಿಲ್ಲಿಸುವ ಜಾಗಕ್ಕೂ ನಡುವೆ, ಕಿಟಕಿ ಇಲ್ಲದ ಕೋಣೆಯೊಂದಿತ್ತು. ಬಾಗಿಲ ಮೇಲೆ ‘ಸಿಕ್ಕ ಸಾಮಾನು’ ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಟಾಕೀಸಿನಲ್ಲಿ ಜನ ಮರೆತು ಹೋದದ್ದೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ಅಲ್ಲಿಗೆ. ಕನ್ನಡಕ, ಬೀಗದ ಕೈ, ಮೂರು ಜೊತೆ ಕಟ್ಟಿಸಿದ ಹಲ್ಲು, ಒಂದು ಊರುಗೋಲು. ಊರುಗೋಲು ಬಿಟ್ಟವನು ಮನೆಗೆ ನಡೆದು ಹೋದದ್ದು ಹೇಗೆ ಎಂಬುದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಕೊಡೆಗಳು. ಇಪ್ಪತ್ತಾರು ವರ್ಷಗಳಿಂದ ಆ ಕೋಣೆಯ ಉಸ್ತುವಾರಿ ಹೊತ್ತಿದ್ದ ಪೇದೆಗೆ ‘ಕೊಡೆ ಸಾಹೇಬರು’ ಎಂಬ ಹೆಸರು ಬಿದ್ದು, ಅಸಲಿ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು.

ಸಾಮಾನು ವಾಪಸು ಕೊಡುವ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಗುರುತು ಹೇಳಬೇಕು, ನಮೂನೆ ತುಂಬಬೇಕು, ಸಹಿ ಹಾಕಬೇಕು. ಹಿಂದೊಬ್ಬ ಇನ್ಸ್‌ಪೆಕ್ಟರು ಸ್ವತಃ ತಮ್ಮ ಕೊಡೆ ಕೇಳಿಕೊಂಡು ಬಂದಿದ್ದರು. ಹಿಡಿಕೆಯ ಬಣ್ಣ ಕೇಳಿದಾಗ ಕಪ್ಪು ಎಂದರು. ಹಿಡಿಕೆ ಕಂದು. ಕೊಡೆ ಸಾಹೇಬರು ಕೊಡಲಿಲ್ಲ. ಇನ್ಸ್‌ಪೆಕ್ಟರು ನೆನೆದುಕೊಂಡು ಮನೆಗೆ ಹೋದರು. ಪೇದೆಯಾಗಿ ಸೇರಿದವರು ಪೇದೆಯಾಗಿಯೇ ಉಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮನೆಯಲ್ಲಿ ಅವರು ಹೆಚ್ಚು ಮಾತಾಡುವವರಲ್ಲ. ಹೊಲಿಗೆ ಮೆಷಿನ್ ಮುಂದೆ ಕೂತೇ ಬದುಕು ಕಳೆದ ಅವರ ಹೆಂಡತಿ, ಬಟ್ಟೆ ಹೊಲಿಸಲು ಬಂದವರ ಹತ್ತಿರ ಹೇಳುತ್ತಿದ್ದಳು: “ನಮ್ಮೋರು ಒಬ್ಬ ಕಳ್ಳನ್ನ ಹಿಡಿದೋರಲ್ಲ. ಕಳ್ಳರೂ ಪಾಪ ನಮ್ಮೋರ ತಂಟೆಗೆ ಬಂದೋರಲ್ಲ. ಹೀಗೇ ನಡ್ಕೊಂಡು ಹೋಗ್ತಿದೆ.”

ಒಂದು ಸೋಮವಾರ ಬೆಳಗ್ಗೆ ಠಾಣೆಗೆ ಫೋನ್ ಬಂತು. ಪಟ್ಟಣದಿಂದ ಹನ್ನೊಂದು ಮೈಲಿ ದೂರದಲ್ಲಿ ಹದಿನಾಲ್ಕು ಮನೆಗಳ ಒಂದು ಹಳ್ಳಿ. ಅಲ್ಲಿ ಆಲೂಗಡ್ಡೆ ಹೊಲದ ಅಂಚಿನಲ್ಲಿ ನೀರು ಬಸಿಯಲು ಪೈಪು ಹಾಕಿಸುತ್ತಿದ್ದರು. ಅಗೆಯುವ ಯಂತ್ರದ ಬಕೆಟ್ಟಿನಲ್ಲಿ ಮಣ್ಣಿನ ಜೊತೆ ಮನುಷ್ಯನ ತಲೆಬುರುಡೆಯೊಂದು ಎದ್ದು ಬಂದಿತ್ತು. ಯಂತ್ರದ ಡ್ರೈವರು ಎಂಜಿನ್ ಕೂಡ ನಿಲ್ಲಿಸದೆ ಇಳಿದು ಓಡಿದ್ದ. ಯಂತ್ರ ಇನ್ನೂ ಗುರುಗುಟ್ಟುತ್ತಲೇ ಇದೆ, ಅದನ್ನು ನಿಲ್ಲಿಸುವುದು ಹೇಗೆ ಎಂದು ಕೇಳುವುದಕ್ಕೇ ಹಳ್ಳಿಯವರು ಮೊದಲು ಫೋನ್ ಮಾಡಿದ್ದು. ಬುರುಡೆಯ ವಿಷಯ ಆಮೇಲೆ ಹೇಳಿದರು.

ಈಗಿನ ಇನ್ಸ್‌ಪೆಕ್ಟರು ಹೋಗಿ ನೋಡಿ ಬಂದರು. ಗುಂಡಿಯಲ್ಲಿ ಪಕ್ಕೆಲುಬು, ತೊಡೆಮೂಳೆ, ಇನ್ನೂ ಏನೇನೋ ಇತ್ತು. ಸುತ್ತ ಇನ್ನಷ್ಟು ಇದ್ದರೂ ಇರಬಹುದೆಂದು ಇಡೀ ಹೊಲಕ್ಕೇ ಹಳದಿ ಪಟ್ಟಿ ಕಟ್ಟಿಸಿದರು. ಠಾಣೆಗೆ ಮರಳಿ ಕೊಡೆ ಸಾಹೇಬರನ್ನು ಕರೆಸಿದರು.

“ಮೂಳೆ ಪರೀಕ್ಷೆ ಮಾಡೋ ಡಾಕ್ಟರಮ್ಮ ರಜೆಯಲ್ಲಿದಾರಂತೆ. ಮುಂದಿನ ಬುಧವಾರ ಬರ್ತಾರೆ. ಅಲ್ಲೀವರೆಗೆ ಯಾರೂ ಮುಟ್ಟದ ಹಾಗೆ ನೋಡ್ಕೋಬೇಕು. ಊರೋರನ್ನೂ ಸ್ವಲ್ಪ ವಿಚಾರಿಸಿ. ರಾತ್ರಿ ಪಾಳಿಗೆ ಬೇರೆಯವರನ್ನ ಹಾಕಿದೀನಿ, ಹಗಲು ನೀವು.”

“ನಾನಾ ಸಾರ್? ನಂದು ಸಿಕ್ಕ ಸಾಮಾನಿನ ವಿಭಾಗ...”

“ಮತ್ತೆ ಇದೇನು, ಕೊಂಡ್ಕೊಂಡ ಸಾಮಾನಾ?”

ಕೊಡೆ ಸಾಹೇಬರಿಗೆ ಇನ್ಸ್‌ಪೆಕ್ಟರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಕೋಣೆಗೆ ಬೀಗ ಹಾಕಿ, ಮಡಚುವ ಕುರ್ಚಿ, ನೀರಿನ ಬಾಟಲಿ, ರಿಜಿಸ್ಟರು ಎತ್ತಿಕೊಂಡು ಬಸ್ಸು ಹತ್ತಿದರು.

ಹೊಲದ ಯಜಮಾನಿ ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ನಡೆಸಿಕೊಂಡು ಬಂದವಳು. ಊರಿನವರೆಲ್ಲ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಸೇರಿ, ಅವಳನ್ನು ‘ಅತ್ತಿಗೆ’ ಎಂದೇ ಕರೆಯುತ್ತಿದ್ದರು. ಕೊಡೆ ಸಾಹೇಬರು ಗುಂಡಿಯ ಪಕ್ಕ ಕುರ್ಚಿ ಬಿಚ್ಚುತ್ತಿದ್ದಂತೆಯೇ ಅವಳು ಪಟ್ಟಿಯ ಆಚೆ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಎಷ್ಟು ದಿನ ಇದು?”

“ಮುಂದಿನ ಬುಧವಾರದವರೆಗೂ ಅಮ್ಮಾ.”

“ಈ ವಾರ ಆಲೂಗಡ್ಡೆ ಕೀಳಬೇಕು ಸಾಹೇಬ್ರೇ. ಗಿಡ ಒಣಗಿದೆ ನೋಡಿ. ಮಳೆ ಬಿತ್ತು ಅಂದ್ರೆ ಒಳಗೇ ಕೊಳೆಯುತ್ತೆ. ಆ ಪುಣ್ಯಾತ್ಮ ಇಷ್ಟು ದಿನ ಸುಮ್ನೆ ಮಲಗಿದ್ದ, ಇನ್ನೊಂದು ಹದಿನೈದು ದಿನ ಮಲಗಿದ್ರೆ ಏನಾಗ್ತಿತ್ತು?”

“ಪುಣ್ಯಾತ್ಮನೋ ಪುಣ್ಯಾತ್ಗಿತ್ತಿಯೋ ಇನ್ನೂ ಗೊತ್ತಾಗಿಲ್ಲ,” ಎಂದರು ಕೊಡೆ ಸಾಹೇಬರು, ನಿಖರವಾಗಿರಬೇಕೆಂದು.

ಅತ್ತಿಗೆ ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಹೊರಟು ಹೋದಳು. ಅವರು ರಿಜಿಸ್ಟರು ತೆರೆದರು. ಅದರ ಅಂಕಣಗಳನ್ನು ಕೊಡೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಚ್ಚು ಹಾಕಿಸಿದ್ದರು. ‘ವಸ್ತು: ಬುರುಡೆ ಮತ್ತು ಇತರ ಮೂಳೆ. ಬಣ್ಣ: ಕಂದು. ಹಿಡಿಕೆ:’ ಇಲ್ಲಿ ಪೆನ್ನು ನಿಂತಿತು. ತುಂಬ ಯೋಚಿಸಿ ‘ಇಲ್ಲ’ ಎಂದು ಬರೆದರು. ‘ವಿಶೇಷ ಗುರುತು’ ಎಂಬಲ್ಲಿಗೆ ಬಂದಾಗ ಗುಂಡಿಯ ಅಂಚಿಗೆ ಕುಕ್ಕುರುಗಾಲಲ್ಲಿ ಕೂತು ಬಗ್ಗಿ ನೋಡಿದರು. ಕೆಳದವಡೆಯ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಕಾಲು ಹಾಕಿ ಕೂತಂತೆ ಏರಿಕೊಂಡಿದ್ದವು. ಅದನ್ನೂ ಬರೆದರು. ಗುರುತು ಸಿಕ್ಕ ಮೇಲೆ ಅವರಿಗೆ ಧೈರ್ಯ ಬಂತು.

ಸಂಜೆಯೊಳಗೆ ಹದಿನಾಲ್ಕು ಮನೆಯ ಬಾಗಿಲನ್ನೂ ತಟ್ಟಿ ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ಮನೇಲಿ ಯಾರಾದ್ರೂ ಕಮ್ಮಿ ಇದಾರಾ?”

ಯಾರ ಮನೆಯಲ್ಲೂ ಯಾರೂ ಕಮ್ಮಿ ಇರಲಿಲ್ಲ. ಕೆಲವರು ಬೇಸರದಿಂದ, ಜಾಸ್ತಿಯೇ ಇದ್ದಾರೆ ಎಂದರು.

ಮಾರನೆಯ ದಿನ ಬೆಳಗ್ಗೆಯಿಂದ ಜನ ಬರತೊಡಗಿದರು. ಒಟ್ಟಿಗಲ್ಲ, ಒಬ್ಬೊಬ್ಬರಾಗಿ. ಮೊದಲು ಬಂದವರು ನಿವೃತ್ತ ಮೇಷ್ಟ್ರು. ವಾಕಿಂಗ್ ಹೊರಟವರ ಹಾಗೆ ಬಂದು, ಆಕಾಶ ನೋಡಿ, ಕೊಡೆ ಸಾಹೇಬರ ಕಿವಿಯ ಹತ್ತಿರ ಬಗ್ಗಿ, “ನಾನು ಹೇಳ್ದೆ ಅಂತ ಹೇಳ್ಬೇಡಿ. ಜೇನಿನವರ ಮನೇಲಿ ಒಬ್ಬ ಕಮ್ಮಿ ಇದಾನೆ,” ಎಂದರು. ಅವರು ಹೋಗಿ ಐದು ನಿಮಿಷಕ್ಕೆ, ಜೇನು ಸಾಕುವ ಆ ಮನೆಯ ಕಿರಿಯವನು ಬಂದು, ಮೇಷ್ಟ್ರ ಭಾವಮೈದುನ ಹತ್ತೊಂಬತ್ತು ವರ್ಷದ ಹಿಂದೆ ಕಾಣೆಯಾದದ್ದನ್ನು ತಿಳಿಸಿದ. ಮಧ್ಯಾಹ್ನದ ಹೊತ್ತಿಗೆ ಪ್ರತಿ ಮನೆಯವರೂ ಪಕ್ಕದ ಮನೆಯಲ್ಲಿ ಯಾರು ಕಮ್ಮಿ ಎಂದು ಹೇಳಿ ಮುಗಿಸಿದ್ದರು. ಮೂರನೆಯ ದಿನ, ಹೇಗೂ ಗುಟ್ಟು ಉಳಿದಿಲ್ಲ ಎಂದು ಗೊತ್ತಾದ ಮೇಲೆ, ತಮ್ಮ ತಮ್ಮ ಮನೆಯವರ ಬಗ್ಗೆ ಹೇಳಿಕೊಳ್ಳಲು ಬಂದರು.

ಲೆಕ್ಕ ಹಾಕಿದರೆ ಒಂಬತ್ತು ಜನ. ಹದಿನಾಲ್ಕು ಮನೆಯ ಊರಿನಿಂದ ಒಂಬತ್ತು ಜನ ಒಂದಲ್ಲ ಒಂದು ದಿನ ಎದ್ದು ಹೋಗಿ ತಿರುಗಿ ಬಂದಿರಲಿಲ್ಲ. ಒಬ್ಬ ಮದುವೆ ಬೇಡವೆಂದು ಹೋಗಿದ್ದ, ಒಬ್ಬಳು ಬೇಕೆಂದು ಹೋಗಿದ್ದಳು. ಮೇಷ್ಟ್ರ ಭಾವಮೈದುನ ಮಾತ್ರ ಕಾರಣವನ್ನೇ ಹೇಳದೆ, ಸ್ನಾನಕ್ಕೆ ಕಾಯಿಸಿದ ನೀರನ್ನು ಹಾಗೇ ಬಿಟ್ಟು ಹೋಗಿದ್ದ. ಮೇಷ್ಟ್ರ ಹೆಂಡತಿಗೆ ತಮ್ಮ ಹೋದ ದುಃಖಕ್ಕಿಂತ ಆ ನೀರು ದಂಡವಾದ ಸಿಟ್ಟೇ ಹೆಚ್ಚು ನೆನಪಿತ್ತು.

ಕೊಡೆ ಸಾಹೇಬರು ಒಬ್ಬೊಬ್ಬರನ್ನೂ ಕೇಳುತ್ತಿದ್ದರು: “ಹಲ್ಲು ಹೇಗಿದ್ದವು?”

ಈ ಪ್ರಶ್ನೆಗೆ ಊರು ಪೇಚಿಗೆ ಸಿಕ್ಕಿಕೊಂಡಿತು. ಹೋದವರ ಸಿಡುಕು ನೆನಪಿತ್ತು, ಕೆಮ್ಮು ನೆನಪಿತ್ತು, ಅವರು ತಿರುಗಿ ಕೊಡದ ಗುದ್ದಲಿ ಸನಿಕೆ ನೆನಪಿದ್ದವು. ಹಲ್ಲು ಯಾರಿಗೂ ನೆನಪಿರಲಿಲ್ಲ. ಟ್ರಂಕಿನ ತಳದಿಂದ ಹಳೆಯ ಫೋಟೋಗಳು ಹೊರಬಂದವು. ಒಂದರಲ್ಲೂ ಒಬ್ಬರೂ ನಕ್ಕಿರಲಿಲ್ಲ. ಆ ಕಾಲದಲ್ಲಿ ಊರೂರು ಸುತ್ತುತ್ತಿದ್ದ ಫೋಟೋದವನು, ಬಾಯಿ ತೆರೆದರೆ ಚಿತ್ರ ಕೆಡುತ್ತದೆ ಎಂದು ಹೆದರಿಸಿ ಇಟ್ಟಿದ್ದನಂತೆ. ಈ ನಡುವೆ ಊರವರು ತಮ್ಮತಮ್ಮಲ್ಲೇ ಒಬ್ಬರ ಬಾಯಿ ಇನ್ನೊಬ್ಬರು ಇಣುಕಿ ನೋಡಲು ಶುರು ಮಾಡಿದರು. ಏರುಹಲ್ಲು ಇದ್ದವರೆಲ್ಲ ಕೈ ಅಡ್ಡ ಹಿಡಿದು ಮಾತಾಡತೊಡಗಿದರು.

ಹಲ್ಲಿನಿಂದ ಕೆಲಸ ಆಗದ ಮೇಲೆ ಕೊಡೆ ಸಾಹೇಬರು ಇನ್ನೊಂದು ದಾರಿ ಹಿಡಿದರು. ಬದುಕಿರುವವರನ್ನು ಒಂಬತ್ತು ಹೆಸರುಗಳ ಪಟ್ಟಿಯಿಂದ ತೆಗೆದು ಹಾಕುತ್ತಾ ಹೋದರೆ ಕೊನೆಗೆ ಉಳಿದವರೇ ಗುಂಡಿಯಲ್ಲಿರಬೇಕು. ಗುರುವಾರದಿಂದ ಹೊಲದ ಬದುವಿನ ಮೇಲೆ ಕುರ್ಚಿ ಹಾಕಿಕೊಂಡು, ಯಾರ್ಯಾರದೋ ಹಳೆಯ ವಿಳಾಸ, ಯಾರ್ಯಾರದೋ ಗೆಳೆಯರ ನಂಬರು ಹಿಡಿದು ಫೋನ್ ಮಾಡುತ್ತಾ ಕೂತರು. ಹಳದಿ ಪಟ್ಟಿಯ ಆಚೆ ಅರ್ಧ ಊರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಿತ್ತು.

“ನಮಸ್ಕಾರ. ಪೊಲೀಸ್ ಠಾಣೆಯಿಂದ. ತಾವು ಬದುಕಿದೀರಾ?”

ಆಚೆಯಿಂದ ಬರುತ್ತಿದ್ದ ಉತ್ತರಗಳು ತರಾವರಿ. ಹೆಚ್ಚಿನವರು ಮೊದಲು ಬೈದರು, ಆಮೇಲೆ ಅಮ್ಮ ಹೇಗಿದ್ದಾಳೆ ಎಂದು ಕೇಳಿದರು. ಮೇಷ್ಟ್ರ ಭಾವಮೈದುನ ದೂರದ ಬಂದರೊಂದರಲ್ಲಿ ಹಗ್ಗದ ವ್ಯಾಪಾರ ಮಾಡಿಕೊಂಡಿದ್ದ.

“ಕೇಳ್ತಿರೋದು ಯಾರು? ಭಾವನಾ?” ಎಂದ.

“ಹೌದು, ಇಲ್ಲೇ ಪಕ್ಕದಲ್ಲಿದಾರೆ.”

“ಹಾಗಾದ್ರೆ ಇಲ್ಲ ಅಂತ ಹೇಳಿ.”

ಫೋನು ಜೋರಾಗಿ ಕೇಳುವಂತೆ ಇಟ್ಟಿದ್ದರಿಂದ ಮೇಷ್ಟ್ರಿಗೆ ಅದು ಕೇಳಿಸಿತು. ಅವರು ಮುಖ ಊದಿಸಿಕೊಂಡು ಮನೆಗೆ ಹೋದರು. ಅವರ ಹೆಂಡತಿ ಮಾತ್ರ ಓಡಿ ಬಂದು ಫೋನ್ ಕಿತ್ತುಕೊಂಡು, “ನೀರು ಕಾಯಿಸಿಟ್ಟಿದ್ನಲ್ಲೋ ಪಾಪಿ!” ಎಂದು ಶುರು ಮಾಡಿದವಳು ಬ್ಯಾಟರಿ ಮುಗಿಯುವವರೆಗೂ ನಿಲ್ಲಿಸಲಿಲ್ಲ.

ಭಾನುವಾರದ ಹೊತ್ತಿಗೆ ಏಳು ಜನ ಬದುಕಿರುವುದು ಖಾತ್ರಿಯಾಗಿ ಎರಡು ಹೆಸರು ಉಳಿದವು. ಒಂದು ಊರಿನ ಒಂದೇ ಒಂದು ಕಿರಾಣಿ ಅಂಗಡಿಯವಳ ಗಂಡ, ಇನ್ನೊಂದು ಜೇನಿನವರ ನಡುವಿನ ತಮ್ಮ.

ಅಂಗಡಿಯವಳ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದಾನೆ ಎಂದು ಎಂಟು ವರ್ಷದಿಂದ ಊರು ನಂಬಿತ್ತು. ಬುರುಡೆ ಸಿಕ್ಕ ದಿನದಿಂದ ನಂಬಿಕೆ ಸಡಿಲವಾಯಿತು. ಹಡಗು ಎಂಟು ವರ್ಷದಲ್ಲಿ ಒಮ್ಮೆಯಾದರೂ ದಡಕ್ಕೆ ಬರಬೇಡವೇ? ಅವಳ ಅಂಗಡಿಯ ಹಿಂದೆ ಗೋಡೆಗೆ ಒರಗಿಸಿದ್ದ ಸನಿಕೆಯ ಕಡೆ ಜನ ಓರೆಗಣ್ಣಿನಿಂದ ನೋಡತೊಡಗಿದರು. ಬೆಳಗಿನಿಂದ ಸಂಜೆವರೆಗೂ ಅಂಗಡಿಯ ಬೆಂಚಿನ ಮೇಲೆ ಕಾಲು ನೀಡಿ ಕೂತು ಹರಟೆ ಹೊಡೆಯುತ್ತಿದ್ದ ಗಂಡಸರು ಕಾಲು ಮಡಚಿ ಕೂತರು, ಆಮೇಲೆ ಎದ್ದೇ ಹೋದರು. ಸೋಪು ಸರಿಯಿಲ್ಲ, ಬಿಸ್ಕತ್ತು ಮೆತ್ತಗಾಗಿದೆ ಎಂದು ರಾಗ ಎಳೆಯುತ್ತಿದ್ದವರು ಕೊಟ್ಟದ್ದನ್ನು ತೆಗೆದುಕೊಂಡು “ಬರ್ತೀನಮ್ಮಾ” ಎಂದು ಕೈಮುಗಿದು ಹೋಗತೊಡಗಿದರು. ಅಂಗಡಿಯವಳು ಯಾವತ್ತೂ ಇಷ್ಟು ನೆಮ್ಮದಿಯಿಂದ ವ್ಯಾಪಾರ ಮಾಡಿರಲಿಲ್ಲ.

ಕೊಡೆ ಸಾಹೇಬರು ಮಾತ್ರ ಅವಳ ಗಂಡನನ್ನು ಎರಡು ಫೋನಿನಲ್ಲೇ ಪತ್ತೆ ಮಾಡಿದ್ದರು. ಈ ಫೋನುಗಳನ್ನು ಅವರು ಹೊಲದಲ್ಲಿ ಮಾಡಿರಲಿಲ್ಲ. ಯಾಕೋ ಬೇಡವೆನಿಸಿ ಬಸ್ಸಿಗೆ ಕಾಯುವಾಗ ಮಾಡಿದ್ದರು. ಮನುಷ್ಯ ಮೂರು ಪಟ್ಟಣದಾಚೆ ಬೀಜದ ಅಂಗಡಿಯ ಒಡತಿಯೊಬ್ಬಳ ಜೊತೆ ಸುಖವಾಗಿದ್ದ. ಸೋಮವಾರ ಅಂಗಡಿಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ಮೆಲ್ಲಗೆ ವಿಷಯ ತೆಗೆದರು.

“ನಿಮ್ಮ ಯಜಮಾನ್ರು ಸಿಕ್ಕಿದಾರೆ.”

“ನಂಗೆ ಗೊತ್ತು ಎಲ್ಲಿದಾನೆ ಅಂತ,” ಎಂದಳು ಅವಳು, ಡಬ್ಬಿಯ ಮುಚ್ಚಳ ಒರೆಸುತ್ತ. “ಹಡಗೂ ಇಲ್ಲ ಗಿಡಗೂ ಇಲ್ಲ. ಮುಲ್ಲಂಗಿ ಬೀಜ ತರ್ತೀನಿ ಅಂತ ಹೋದ.”

“ಹಾಗಾದ್ರೆ ಊರೋರಿಗೆ ಹೇಳಿಬಿಡಿ. ನೀವೇ ಕೊಂದು ಹೂತಿದೀರಿ ಅಂತ ಮಾತಾಡ್ಕೊತಿದಾರೆ.”

ಅವಳು ಒರೆಸುವುದನ್ನು ನಿಲ್ಲಿಸಿದಳು. “ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಕೊಂದ್ಲು ಅಂತ ಅಂದ್ಕೊಳ್ಳಿ, ಪರ್ವಾಗಿಲ್ಲ. ಬಿಟ್ಟು ಹೋದ ಅಂತ ಗೊತ್ತಾದ್ರೆ ನಾಳೆಯಿಂದ ಬೆಂಚಿನ ಮೇಲೆ ಕೂತು ‘ಅಯ್ಯೋ ಪಾಪ’ ಅಂತಾರೆ. ಅದೊಂದು ನನ್ನ ಕೈಲಿ ಆಗಲ್ಲ. ಡಾಕ್ಟರಮ್ಮ ಬರೋವರೆಗೆ ಹೆಸರು ಹೊಡೆದು ಹಾಕ್ಬೇಡಿ.”

ಇಪ್ಪತ್ತಾರು ವರ್ಷದಲ್ಲಿ ರಿಜಿಸ್ಟರಿನಲ್ಲಿ ಒಂದು ಸುಳ್ಳಕ್ಷರ ಬರೆಯದ ಮನುಷ್ಯ ಕೊಡೆ ಸಾಹೇಬರು. ಬದುವಿನ ಮೇಲೆ ಕೂತು ಅರ್ಧ ದಿನ ಒದ್ದಾಡಿದರು. ಕೊನೆಗೆ ಅವಳ ಗಂಡನ ಹೆಸರಿನ ಮುಂದೆ ‘ವಿಚಾರಣೆ ನಡೆದಿದೆ’ ಎಂದು ಬರೆದರು. ನಡೆದದ್ದು ನಿಜವೇ ಆಗಿತ್ತು. ಏನಾಯಿತು ಎಂದು ಅಂಕಣ ಕೇಳಿರಲಿಲ್ಲ.

ಜೇನಿನವರ ವಿಷಯ ಇಷ್ಟು ಸುಲಭವಿರಲಿಲ್ಲ. ಅವರು ಮೂವರು ಅಣ್ಣತಮ್ಮಂದಿರು. ಹಿರಿಯವನೂ ಕಿರಿಯವನೂ ಊರಿನಲ್ಲೇ ಜೇನು ಸಾಕಿಕೊಂಡಿದ್ದರು. ನಡುವಿನವನಿಗೆ ತುತ್ತೂರಿಯ ಹುಚ್ಚು. ಅವನು ಊದತೊಡಗಿದರೆ ಹುಳುಗಳು ಕೆರಳಿ ಪೆಟ್ಟಿಗೆ ಬಿಟ್ಟು ಹೋಗುತ್ತವೆ ಎಂದು ಹಿರಿಯವನ ವಾದ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಗ್ಗೆ, ಎರಡು ಪೆಟ್ಟಿಗೆ ಖಾಲಿಯಾದದ್ದು ನೋಡಿ ರೊಚ್ಚಿಗೆದ್ದ ಹಿರಿಯವನು, ಜೇನುಮೇಣ ಕರಗಿಸಿ ತುತ್ತೂರಿಯೊಳಗೆ ಸುರಿದುಬಿಟ್ಟ. ನಡುವಿನವನು ಒಂದು ಮಾತೂ ಆಡದೆ ತುತ್ತೂರಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಇದನ್ನೆಲ್ಲ ಹಿರಿಯವನೇ ಗುಂಡಿಯ ಪಕ್ಕ ಕೂತು ಹೇಳಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಏಳು ಜನ ಸಿಕ್ಕಿಯೂ ತನ್ನ ತಮ್ಮ ಸಿಗದಿದ್ದಾಗ ಗುಂಡಿಯಲ್ಲಿರುವುದು ಅವನೇ ಎಂದು ಅವನಿಗೆ ಖಚಿತವಾಗಿತ್ತು. “ಕೊಟ್ಟುಬಿಡಿ ಸಾಹೇಬ್ರೇ, ಮಣ್ಣು ಮಾಡ್ತೀವಿ,” ಎಂದ.

ಕೊಡೆ ಸಾಹೇಬರು ತಮ್ಮ ನೀರಿನ ಬಾಟಲಿ ಅವನ ಕೈಗಿಟ್ಟರು. ಆದರೂ ನಮೂನೆ ತೆಗೆದರು. “ಗುರುತು ಹೇಳಿ. ಹಲ್ಲು ಹೇಗಿದ್ದವು?”

“ಹಲ್ಲಾ? ಹಲ್ಲು... ಬಾಯಲ್ಲಿದ್ದವು.”

“ಬಾಯಲ್ಲಿ ಹೇಗಿದ್ದವು?”

“ನನ್ನ ತಮ್ಮ ಸಾರ್ ಅವನು! ತಮ್ಮನ ಹಲ್ಲು ಯಾರಾದ್ರೂ ಎಣಿಸ್ತಾರಾ?”

“ಗುರುತು ಇಲ್ಲದೆ ಕೊಡೋ ಹಾಗಿಲ್ಲ ಅಣ್ಣಾ.”

ಹಿರಿಯವನು ಅಳು ಬಿಟ್ಟು ಬೈಗುಳಕ್ಕೆ ಇಳಿದ. ಕಿರಿಯವನು ಅವನನ್ನು ಎಳೆದುಕೊಂಡು ಹೋದ. ಆ ದಿನ ಊರಿನಲ್ಲಿ ಯಾರೂ ಕೊಡೆ ಸಾಹೇಬರನ್ನು ಮಾತಾಡಿಸಲಿಲ್ಲ. ಅತ್ತಿಗೆ ಮಾತ್ರ ಎರಡು ಬೇಯಿಸಿದ ಮೊಟ್ಟೆ ತಂದು ರಿಜಿಸ್ಟರಿನ ಮೇಲಿಟ್ಟು, “ನೀವು ಮಾಡಿದ್ದು ಸರಿ. ಆದ್ರೆ ಸರಿಯಾದ್ದನ್ನ ಸ್ವಲ್ಪ ಮೆತ್ತಗೆ ಮಾಡಬೇಕು,” ಎಂದಳು.

ಮೊಟ್ಟೆ ತಿಂದು ಅವರು ಮತ್ತೆ ಫೋನ್ ಹಿಡಿದರು. ಬ್ಯಾಂಡಿನವರ ಸಂಘಕ್ಕೆ ಮಾಡಿದರು, ವಾದ್ಯ ರಿಪೇರಿ ಮಾಡುವ ಅಂಗಡಿಗಳಿಗೆ ಮಾಡಿದರು. ಆರನೆಯ ಅಂಗಡಿಯ ಮುದುಕನಿಗೆ ನೆನಪಿತ್ತು. “ಮೇಣ ತುಂಬಿದ ತುತ್ತೂರಿ ತಾನೇ? ಮರೆಯೋಕಾಗುತ್ತಾ! ಮೂರು ದಿನ ಬಿಸಿನೀರಲ್ಲಿ ನೆನೆಹಾಕಿದ್ದೆ. ಅವರು ಎದುರುಗಡೆನೇ ಚಪ್ಪಲಿ ಅಂಗಡಿ ಇಟ್ಟಿದಾರೆ, ತಾಳಿ, ಕೂಗ್ತೀನಿ.”

ಮಂಗಳವಾರ ಮಧ್ಯಾಹ್ನದ ಬಸ್ಸಿನಿಂದ ನರೆಗೂದಲಿನ, ಹೊಳೆಯುವ ಬೂಟು ಹಾಕಿದ, ಎತ್ತರದ ಮನುಷ್ಯನೊಬ್ಬ ಇಳಿದ. ಅಣ್ಣನ ಮನೆಗೆ ಹೋಗದೆ ನೇರ ಹೊಲಕ್ಕೆ ನಡೆದು ಬಂದು, ಪಟ್ಟಿಯ ಹತ್ತಿರ ನಿಂತು, ಸಂಕೋಚದಿಂದ ಕೇಳಿದ:

“ಸಾರ್, ನಾನೆಲ್ಲಿ?”

ಕೊಡೆ ಸಾಹೇಬರು ಎದ್ದು ನಿಂತು ಗುಂಡಿಯ ಕಡೆ ಕೈ ತೋರಿಸಿದರು. ಅವನು ಬಗ್ಗಿ ಬಹಳ ಹೊತ್ತು ನೋಡಿದ.

“ಇಷ್ಟು ಕುಳ್ಳಾ?” ಎಂದ, ಸ್ವಲ್ಪ ನೊಂದುಕೊಂಡು.

ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ, ಜೇನಿನ ಮುಸುಕು ತಲೆಯ ಮೇಲಿರುವಂತೆಯೇ ಹಿರಿಯವನು ಓಡಿ ಬಂದ. ತಮ್ಮನ ಎದುರು ನಿಂತು ಮುಸುಕು ಎತ್ತಿದ. ಊರೆಲ್ಲ ನೋಡುತ್ತಿತ್ತು.

“ಬದುಕಿದೀನಿ ಅಂತ ಒಂದು ಮಾತು ಹೇಳೋಕೆ ಏನು ಧಾಡಿ ನಿಂಗೆ?” ಎಂದು ಹಿರಿಯವನು ಗದರಿದ. “ವಾರದಿಂದ ಅಳ್ತಿದೀನಿ ನಾನು!”

“ನಾನು ಸತ್ತಿದೀನಿ ಅಂತ ನೀನೂ ಹೇಳಿ ಕಳಿಸ್ಲಿಲ್ವಲ್ಲ,” ಎಂದ ತಮ್ಮ.

ಹಿರಿಯವನು “ಊಟ ಆಯ್ತಾ?” ಎಂದ. ಆಗಿರಲಿಲ್ಲ. ಮೂವರೂ ಸಾಲಾಗಿ ಮನೆಯ ಕಡೆ ನಡೆದರು. ಹಿರಿಯವನು ಮುಸುಕಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಒಳಗೆ ಸಿಕ್ಕಿಕೊಂಡಿದ್ದ ಹುಳುವೊಂದು ಅವನ ಕೆನ್ನೆಗೆ ಕಡಿಯಿತು. ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬುಧವಾರ ಡಾಕ್ಟರಮ್ಮ ಬಂದರು. ಸಣ್ಣಗೆ, ಚುರುಕಾಗಿ, ರಜೆಯ ಬಿಸಿಲಿಗೆ ಮೂಗು ಸುಲಿದುಕೊಂಡು ಇದ್ದರು. ಗುಂಡಿಗೆ ಇಳಿದು, ಮಂಡಿಯೂರಿ, ಬ್ರಷ್ಷಿನಿಂದ ಮಣ್ಣು ಸರಿಸುತ್ತಾ, ಅದರ ಜೊತೆ ಸಿಕ್ಕ ಒಂದು ಹಸಿರುಗಟ್ಟಿದ ಬಳೆಯ ಚೂರನ್ನೂ ಮಡಕೆಯ ಚೂರುಗಳನ್ನೂ ತಿರುಗಿಸಿ ನೋಡಿದರು. ಹದಿನಾಲ್ಕು ಮನೆಯವರೂ ಪಟ್ಟಿಗೆ ಒರಗಿ ನಿಂತಿದ್ದರು. ಇನ್ಸ್‌ಪೆಕ್ಟರೂ ಬಂದಿದ್ದರು.

“ಪೊಲೀಸ್ನೋರಿಗೆ ಇಲ್ಲೇನೂ ಕೆಲಸ ಇಲ್ಲ,” ಎಂದರು ಡಾಕ್ಟರಮ್ಮ ಮೇಲೆ ಹತ್ತುತ್ತ. “ಹಲ್ಲು ಒಂದು ತಗೊಂಡು ಹೋಗಿ ಪರೀಕ್ಷೆ ಮಾಡ್ತೀನಿ. ಆದ್ರೆ ಕಮ್ಮಿ ಅಂದ್ರೂ ಮುನ್ನೂರು ವರ್ಷ ಆಗಿದೆ. ಹೆಂಗಸು. ನಲವತ್ತು ನಲವತ್ತೈದು ವಯಸ್ಸು. ಯಾರೂ ಕೊಂದಿಲ್ಲ.”

ಮುನ್ನೂರು ವರ್ಷ ಎಂದು ಕೇಳಿ ಜನ ಸೋತು ಹೋದರು. ಹತ್ತು ದಿನ ಇಷ್ಟೆಲ್ಲ ಪಾಡುಪಟ್ಟು, ಕೊನೆಗೆ ಇವಳು ಯಾರೋ! ಮೇಷ್ಟ್ರು ಅಂಗಡಿಯವಳ ಕಡೆ ತಿರುಗಿದರು.

“ಹಾಗಾದ್ರೆ ನಿಮ್ಮ ಯಜಮಾನ್ರು ಹಡಗಲ್ಲೇ ಇದಾರೆ ಅನ್ನಿ.”

ಅಂಗಡಿಯವಳು ಸೆರಗು ಸರಿಮಾಡಿಕೊಂಡಳು. “ಈ ಹೊಲದಲ್ಲಿ ಇಲ್ಲ ಅಂತ ಮಾತ್ರ ಡಾಕ್ಟರಮ್ಮ ಹೇಳಿದ್ದು,” ಎಂದಳು. ಅವಳ ಅಕ್ಕಪಕ್ಕ ನಿಂತಿದ್ದ ಗಂಡಸರು ಅರ್ಧ ಹೆಜ್ಜೆ ಆಚೆ ಸರಿದರು.

ಅತ್ತಿಗೆ ಮಾತ್ರ ಡಾಕ್ಟರಮ್ಮನನ್ನು ಬಿಡಲಿಲ್ಲ. “ಏನು ಕೆಲಸ ಮಾಡ್ತಿದ್ಲು ಅಂತ ಮೂಳೆ ನೋಡಿದ್ರೆ ಗೊತ್ತಾಗುತ್ತಾ?”

“ಸ್ವಲ್ಪ ಗೊತ್ತಾಗುತ್ತೆ. ಬೆನ್ನುಮೂಳೆ ಸವೆದಿದೆ, ಮಂಡಿ ಎರಡೂ ಸವೆದಿವೆ. ಜೀವಮಾನ ಪೂರ್ತಿ ಬಗ್ಗಿ, ಕುಕ್ಕುರುಗಾಲಲ್ಲಿ ಕೂತು ದುಡಿದಿದಾರೆ. ತಲೆ ಮೇಲೆ ಭಾರ ಹೊತ್ತಿದಾರೆ.”

ಅತ್ತಿಗೆ ತನ್ನ ಮಂಡಿ ಸವರಿಕೊಂಡಳು. “ಹೊಲದವಳೇ,” ಎಂದಳು.

ಇನ್ಸ್‌ಪೆಕ್ಟರು ವಾಚು ನೋಡಿಕೊಂಡರು. ಮೂಳೆಗಳನ್ನು ಊರವರು ಯಾರಾದರೂ ಸಹಿ ಹಾಕಿ ತೆಗೆದುಕೊಂಡು ಮಣ್ಣು ಮಾಡಬಹುದು, ಇಲ್ಲದಿದ್ದರೆ ಪೆಟ್ಟಿಗೆಯಲ್ಲಿ ಹಾಕಿ ಠಾಣೆಗೆ ತರಬೇಕು ಎಂದರು. ಠಾಣೆ ಎಂದರೆ ಕಿಟಕಿ ಇಲ್ಲದ ಆ ಕೋಣೆ. ಕಟ್ಟಿಸಿದ ಹಲ್ಲುಗಳ ಕೆಳಗಿನ ಗೂಡಿನಲ್ಲಿ ಜಾಗವಿದೆ ಎಂದು ಕೊಡೆ ಸಾಹೇಬರಿಗೆ ಗೊತ್ತಿತ್ತು. ಹತ್ತು ದಿನ ಜೊತೆಗಿದ್ದವಳನ್ನು ಅಲ್ಲಿಡಲು ಅವರಿಗೆ ಮನಸ್ಸಾಗಲಿಲ್ಲ. ಸಹಿ ಎಂದ ಕೂಡಲೇ ಜನ ಒಬ್ಬರ ಹಿಂದೆ ಒಬ್ಬರು ಅಡಗಿದರು.

“ಕೊಡಿ ಇಲ್ಲಿ,” ಎಂದು ಅತ್ತಿಗೆ ನಮೂನೆ ಕಿತ್ತುಕೊಂಡಳು.

ಕೊಡೆ ಸಾಹೇಬರು ಕರ್ತವ್ಯ ಮರೆಯಲಿಲ್ಲ. “ಗುರುತು?”

“ಕೆಳಗಿನ ಎರಡು ಹಲ್ಲು ಏರಿಕೊಂಡಿವೆ. ಹತ್ತು ದಿನದಿಂದ ನೀವೇ ಊರಿಗೆಲ್ಲ ಸಾರಿದೀರಿ.”

“ಸಂಬಂಧ?”

ಅತ್ತಿಗೆ ಪೆನ್ನಿನ ತುದಿ ಕಚ್ಚಿ ಯೋಚಿಸಿದಳು. ಆಮೇಲೆ ದಪ್ಪ ಅಕ್ಷರದಲ್ಲಿ ‘ಓರಗಿತ್ತಿ’ ಎಂದು ಬರೆದಳು. ಒಂದೇ ಹೊಲಕ್ಕೆ ಬಂದು ದುಡಿದವರು ಇನ್ನೇನಾಗಬೇಕು ಎಂದು ಅವಳ ಲೆಕ್ಕ. ಇನ್ಸ್‌ಪೆಕ್ಟರು ಏನೋ ಹೇಳಲು ಬಾಯಿ ತೆರೆದರು. ಕೊಡೆ ಸಾಹೇಬರು ಅಷ್ಟರೊಳಗೆ ಮೊಹರು ಒತ್ತಿಯಾಗಿತ್ತು.

ಅದೇ ಸಂಜೆ, ಊರಾಚೆ ಅವರವರ ಹಿರಿಯರನ್ನು ಹೂಳುವ ಜಾಗದಲ್ಲೇ ಅವಳನ್ನೂ ಮಣ್ಣು ಮಾಡಿದರು. ಜೇನಿನವರ ನಡುವಿನವನು ಚೀಲದಿಂದ ತುತ್ತೂರಿ ತೆಗೆದು ಒಂದು ಸಣ್ಣ ರಾಗ ಊದಿದ. ಎಲ್ಲರೂ ಹಿರಿಯವನ ಮುಖವನ್ನೇ ನೋಡುತ್ತಿದ್ದರು. ಒಂದು ಕೆನ್ನೆ ಊದಿಕೊಂಡಿದ್ದ ಅವನು, “ಚೆನ್ನಾಗೇ ಊದ್ತಾನೆ. ಸ್ವಲ್ಪ ಜೋರಾಯ್ತು,” ಎಂದ.

ಆಮೇಲೆ ಆ ಊರಿನಲ್ಲಿ ಒಂದು ಹೊಸ ಅಭ್ಯಾಸ ಶುರುವಾಯಿತು. ಬಿಟ್ಟು ಹೋದವರು ಭಾನುವಾರಗಳಂದು ಫೋನ್ ಮಾಡುತ್ತಾರೆ. ಮೇಷ್ಟ್ರ ಭಾವಮೈದುನ “ಇದೀನಿ” ಎಂದಷ್ಟೇ ಹೇಳಿ ಇಡುತ್ತಾನೆ. ಮೇಷ್ಟ್ರು ಆ ಒಂದು ಮಾತಿಗಾಗಿ ಬೆಳಗ್ಗೆಯಿಂದ ಫೋನಿನ ಪಕ್ಕದಲ್ಲೇ ಕೂತಿರುತ್ತಾರೆ, ಪೇಪರು ಓದುವವರ ಹಾಗೆ.

ಮಣ್ಣು ಮಾಡಿದ ವಾರದ ಶುಕ್ರವಾರವೇ ಅತ್ತಿಗೆಯ ಆಲೂಗಡ್ಡೆ ಕೀಳುವ ಕೆಲಸ. ಮೋಡ ಕವಿದಿತ್ತು, ದಿನ ಕೈಮೀರಿತ್ತು. ಊರಿಗೂರೇ ಇಳಿಯಿತು. ಕೊಡೆ ಸಾಹೇಬರು ಒಂದು ದಿನದ ರಜೆ ಹಾಕಿ ಬಂದರು. ಹತ್ತು ದಿನದಿಂದ ಗಂಡ ಬೂಟಿನ ತುಂಬ ಮಣ್ಣು ಹೊತ್ತು, ಒಬ್ಬೊಬ್ಬನೇ ನಗುತ್ತಾ ಮನೆಗೆ ಬರುತ್ತಿದ್ದದ್ದನ್ನು ನೋಡಿ ಅನುಮಾನ ಪಟ್ಟಿದ್ದ ಹೆಂಡತಿ, ಮೆಷಿನ್ನಿಗೆ ಮುಸುಕು ಹಾಕಿ ತಾನೂ ಜೊತೆಗೆ ಬಂದಳು. ಇಲ್ಲಿ ನೋಡಿದರೆ, ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಕೈಸನ್ನೆ ಮಾಡುವ ಮನುಷ್ಯನನ್ನು ಊರಿನವರೆಲ್ಲ ‘ಸಾಹೇಬ್ರೇ’ ಎಂದು ಕೂಗಿ ಮಾತಾಡಿಸುತ್ತಿದ್ದರು, ಇವರೂ ಸಾಲಿನ ಆ ತುದಿಯಿಂದ ಉತ್ತರ ಕೊಡುತ್ತಿದ್ದರು. ಅವರು ಸನಿಕೆ ಹಾಕಿದಲ್ಲೆಲ್ಲ ಗೆಡ್ಡೆ ಎರಡು ಹೋಳಾಗುತ್ತಿತ್ತು. ಅತ್ತಿಗೆ ನಾಲ್ಕು ಸಲ ಬೈದು, ಐದನೆಯ ಸಲಕ್ಕೆ ಸನಿಕೆ ಕಸಿದುಕೊಂಡು ಚೀಲದ ಬಾಯಿ ಹಿಡಿಯಲು ಕೂರಿಸಿದಳು.

ಸಂಜೆಯ ಬಸ್ಸಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಕಾಲ ಬಳಿ ಅತ್ತಿಗೆ ಕೊಟ್ಟ, ಹೋಳಾದ ಆಲೂಗಡ್ಡೆಯ ಚೀಲ.

“ರೀ, ನಿಮಗೆ ಇಷ್ಟೊಂದು ಮಾತಾಡೋಕೆ ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ,” ಎಂದಳು ಹೆಂಡತಿ.

“ಯಾರೂ ಕೇಳಿರ್ಲಿಲ್ವಲ್ಲ.”

“ಈಗ ಕೇಳ್ತಿದೀನಿ. ಆ ಅಂಗಡಿಯವಳು ನಿಜವಾಗ್ಲೂ ಗಂಡನ್ನ ಕೊಂದಿದಾಳಾ?”

ಕೊಡೆ ಸಾಹೇಬರು ಹಿಂದೆ ಮುಂದೆ ನೋಡಿ, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಮೊದಲಿನಿಂದ ಹೇಳಲು ಶುರು ಮಾಡಿದರು. ತಮ್ಮ ಸ್ಟಾಪು ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಬಸ್ಸು ಡಿಪೋ ತಲುಪಿ ಕಂಡಕ್ಟರು ಬಂದು ಸೀಟಿನಿಂದ ಎಬ್ಬಿಸಿದಾಗ ಕಥೆ ಇನ್ನೂ ತುತ್ತೂರಿಗೆ ಮೇಣ ಸುರಿಯುವಲ್ಲಿಗೆ ಬಂದಿತ್ತು. ಚೀಲದ ಒಂದೊಂದು ಕಿವಿ ಒಬ್ಬೊಬ್ಬರು ಹಿಡಿದುಕೊಂಡು, ಎರಡು ಮೈಲಿ ಹಿಂದಕ್ಕೆ ನಡೆದರು. ದಾರಿಯುದ್ದಕ್ಕೂ ಅವಳು “ಆಮೇಲೆ?” “ಆಮೇಲೆ?” ಎನ್ನುತ್ತಲೇ ಇದ್ದಳು.